ಎಂಟನೇ ಹಾಸಿಗೆಯ ಪರದೆ

ಪರೀಕ್ಷೆಯ ಚೀಟಿ ಬಿಚ್ಚಿದಾಗ ಏಳನೇ ಹಾಸಿಗೆ ಎಂದು ಬರೆದಿತ್ತು. ಆಗಲೇ ಲೂಪೆ ಒಂದು ಮಾತು ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಸಿಸ್ಟರ್, ಎಂಟನೇ ಹಾಸಿಗೆಯಲ್ಲಿ ನನ್ನ ತಮ್ಮ ಮಲಗಿದ್ದಾನೆ. ಅಷ್ಟೇ. ಸಿಸ್ಟರ್ ಕಲೋಲೈನ್ ಯಾಕೆ ಏನು ಎಂದು ಕೇಳದೆ ಚೀಟಿಯ ಡಬ್ಬಿಯನ್ನು ಇನ್ನೊಮ್ಮೆ ಮುಂದೆ ಹಿಡಿಯುತ್ತಿದ್ದರು. ಮೂವತ್ತು ವರ್ಷ ನರ್ಸಿಂಗ್ ಹುಡುಗಿಯರಿಗೆ ಪಾಠ ಹೇಳಿ, ಪರೀಕ್ಷೆ ಮಾಡಿ ಹಣ್ಣಾದ ಹೆಂಗಸು; ಟೋಂಗಾದಲ್ಲಿ ಹುಟ್ಟಿದವರು ಅಕ್ಕತಮ್ಮನ ನಡುವಿನ ಮರ್ಯಾದೆಯ ಈ ಮಾತಿಗೆ ಕಾರಣ ಕೇಳುವುದಿಲ್ಲ. ಹೋದ ವರ್ಷ ಒಬ್ಬಳು ಚಿಕ್ಕಪ್ಪನ ಮಗ ಅದೇ ವಾರ್ಡಿನಲ್ಲಿದ್ದಾನೆ ಎಂದು ಪರೀಕ್ಷೆಯನ್ನೇ ಹೆರಿಗೆ ವಾರ್ಡಿಗೆ ಹಾಕಿಸಿಕೊಂಡಿದ್ದಳು. ಆಮೇಲೆ ನೋಡಿದರೆ ಅಂಥ ಚಿಕ್ಕಪ್ಪನೇ ಇರಲಿಲ್ಲ, ಗಂಡಸರ ವಾರ್ಡಿನ ಕಾಯಿಲೆಗಳು ಅವಳಿಗೆ ಬಾಯಿಪಾಠವಾಗಿರಲಿಲ್ಲ. ಲೂಪೆಯ ತಮ್ಮನಾದರೆ ನಿಜವಾಗಿಯೂ ಇದ್ದ, ಒಂದು ತಿಂಗಳಿಂದ ಅಲ್ಲೇ ಇದ್ದ. ಅವಳು ಬಾಯಿ ತೆರೆದಳು, ಬಂದದ್ದು ಮಾತ್ರ "ಸರಿ ಸಿಸ್ಟರ್" ಎಂಬ ಎರಡು ಪದ.

"ಏಳು. ಫಿಲಿಮೋನೆ. ಹಳೇ ಹೃದಯದ ಕೇಸು," ಎಂದು ಸಿಸ್ಟರ್ ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. "ಕಾಯಿಲೆ ಹೇಗೆ ಬಂತು, ಒಳಗೇನಾಗ್ತಿದೆ, ಯಾವ ಮದ್ದು ಯಾಕೆ, ಎಲ್ಲಾ ರೋಗಿಗೇ ಹೇಳ್ಬೇಕು, ನನಗಲ್ಲ. ಅವನಿಗೆ ಅರ್ಥ ಆದ್ರೆ ನೀನು ಪಾಸು. ನಾನು ಗೋಡೆ ಥರ ನಿಂತಿರ್ತೀನಿ."

ವೆರಾಂಡಾದ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಹುಡುಗಿಯರು ಕಣ್ಣು ಮುಚ್ಚಿ ಮದ್ದಿನ ಹೆಸರುಗಳನ್ನು ಪ್ರಾರ್ಥನೆಯಂತೆ ಗುಣುಗುತ್ತಿದ್ದರು. ಎಲ್ಲರಿಗೂ ಬೇಕಿದ್ದದ್ದು ಸಕ್ಕರೆ ಕಾಯಿಲೆಯ ಚೀಟಿ. ಅದಾದರೆ ಮನೆಗೊಬ್ಬರಿಗಿದೆ, ಓದದೆಯೂ ಹೇಳಬಹುದು. ಲೂಪೆ ಅವರ ಪಕ್ಕ ಕೂತು ಬಿಳಿ ಸಮವಸ್ತ್ರದ ಮಡಿಲಲ್ಲಿ ಚೀಟಿಯನ್ನು ಮಡಚುತ್ತ ಬಿಚ್ಚುತ್ತ ಇದ್ದಳು. ಓದಿದ್ದೆಲ್ಲ ನೆನಪಿತ್ತು. ಈ ಒಂದು ಕಾಯಿಲೆಯನ್ನು ಅವಳು ಹೋದ ತಿಂಗಳು ಪುಸ್ತಕದ ಹಾಳೆ ಸವೆಯುವಷ್ಟು ಓದಿದ್ದಳು, ಓದಬೇಕಾದ ಹೊತ್ತು ಮೀರಿದ ಮೇಲೆ. ಅಂಗೈ ಬೆವರಿ ಚೀಟಿಯ ಏಳು ಕಲೆಸಿಹೋಗಿತ್ತು. ಈಗಲೂ ಎದ್ದು ಹೋಗಿ ಹೇಳಬಹುದು ಎಂದುಕೊಂಡಳು, ಹೇಳಲಿಲ್ಲ.

"ಇಲ್ಲಿ ಅಣ್ಣತಂಗಿ, ಅಕ್ಕತಮ್ಮ ಸಂಬಂಧದೋರು ಯಾರಾದ್ರೂ ಇದ್ದೀರೇನ್ರೋ? ಇದ್ರೆ ಒಬ್ರು ಆಚೆ ಹೋಗಿ." ಮೊದಲ ವರ್ಷ ಸಿಸ್ಟರ್ ಕಲೋಲೈನ್ ಪಾಠ ಶುರು ಮಾಡುತ್ತಿದ್ದುದೇ ಹೀಗೆ, ಸೊಂಟದಿಂದ ಕೆಳಗಿನ ಯಾವ ವಿಷಯವಿದ್ದರೂ. ಲೂಪೆಯ ದೊಡ್ಡಪ್ಪನ ಮಗ ಮಾಕಾ ಅದೇ ಕ್ಲಾಸಿನಲ್ಲಿದ್ದ, ದೊಡ್ಡಪ್ಪನ ಮಗನೆಂದರೆ ಅಣ್ಣನೇ. ಊಟದ ಮಾತು, ತೋಟದ ಮಾತು ಎದುರಿಗೇ ಆಡಬಹುದು; ಮೈಯ ಮಾತು ಇಬ್ಬರ ಕಿವಿಗೂ ಒಟ್ಟಿಗೆ ಬೀಳುವ ಹಾಗಿಲ್ಲ. ಅದಕ್ಕೆ ಒಂದು ಸಲ ಅವನು ಹೊರಗೆ, ಒಂದು ಸಲ ಇವಳು. ಮೂತ್ರಪಿಂಡ ಇವಳ ಪಾಲಿಗೆ ಬಂತು, ಹೆರಿಗೆ ಅವನ ಪಾಲಿಗೆ ಹೋಯಿತು, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ನಡುವಿನ ಬೆಂಚಿನವರ ಕೈಯಲ್ಲಿ ನೋಟ್ಸು ಓಡಾಡುತ್ತಿತ್ತು: ಅಲ್ಲಿ ಕೂತಿರೋರಿಗೆ ಇದನ್ನ ಕೊಟ್ಬಿಡಿ, ಇಲ್ಲಿ ಕೂತಿರೋರಿಗೆ ಅದನ್ನ ಕೊಟ್ಬಿಡಿ. ಹೀಗೆ ಮೂರನೆಯವರ ಕೈಯಿಂದಲೇ ಇಬ್ಬರೂ ಪಾಸಾಗುತ್ತ ಬಂದಿದ್ದರು. ಒಮ್ಮೆ ಮಾತ್ರ ಸಿಸ್ಟರ್ ಮರೆತು, ಮಾಕಾ ಕೂತಿರುವಾಗಲೇ, ತಿಂಗಳಿಗೊಮ್ಮೆ ಕೊಡುವ ಪೆನ್ಸಿಲಿನ್ ಇಂಜೆಕ್ಷನ್ನು ಎಲ್ಲಿ ಚುಚ್ಚಬೇಕೆಂದು ಲೂಪೆಯನ್ನು ಎಬ್ಬಿಸಿ ಕೇಳಿದರು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಕಣ್ಣಲ್ಲಿ ನೀರು ತುಂಬಿ ನಿಂತೇ ಇದ್ದಳು. ಮಾಕಾ ಪಾಪ, ಕಿಟಕಿಯ ಹೊರಗೆ ಹಂದಿಮರಿಗಳನ್ನು ಎಣಿಸುವವನ ಹಾಗೆ ಮುಖ ತಿರುಗಿಸಿಕೊಂಡಿದ್ದ. ಸಿಸ್ಟರ್ ಸೊನ್ನೆ ಹಾಕಿದರು. ಆಮೇಲೆ ಕರೆದು ತಲೆ ಸವರಿ, "ತಪ್ಪು ನನ್ದೇ ಮಗಳೇ, ಆದ್ರೆ ಇಂಕಿನಲ್ಲಿ ಬರೆದುಬಿಟ್ಟೆ" ಎಂದರು.

ನಾಚಿಕೆಯೆಂಬುದು ಆಗ ನಗುವ ವಿಷಯವಾಗಿತ್ತು. ಬಿಸ್ಕತ್ತಿನ ಹಳೇ ಡಬ್ಬಿ ಕೈಗೆ ಬಂದಮೇಲೆ ಹಾಗೆ ಉಳಿಯಲಿಲ್ಲ. ನಾಲ್ಕು ತಿಂಗಳ ಹಿಂದೆ ಅವಳನ್ನು ತರಬೇತಿಗೆಂದು ಅವಳ ಊರಿನ ಚಿಕಿತ್ಸಾಲಯಕ್ಕೇ ಹಾಕಿದ್ದರು. ಆ ಡಬ್ಬಿಯಲ್ಲಿ ಇಪ್ಪತ್ತೆಂಟು ದಿನಕ್ಕೊಮ್ಮೆ ಸೂಜಿ ಹಾಕಿಸಿಕೊಳ್ಳಬೇಕಾದವರ ಕಾರ್ಡುಗಳು ಸಾಲಾಗಿದ್ದವು. ಚಿಕ್ಕಂದಿನ ಜ್ವರ ಹೃದಯಕ್ಕೆ ಇಳಿದವರು, ಊರಿಗೆ ಹತ್ತು ಹನ್ನೆರಡು ಜನ. ಬೆಳಿಗ್ಗೆ ಮುಂದಿನ ಕಾರ್ಡು ತೆಗೆದುಕೊಂಡು ಆ ಮನೆಗೆ ನಡೆದು, ಬಾಗಿಲಲ್ಲಿ ನಿಂತು, ನಾಳೆ ನಿಮ್ಮ ದಿನ ಬನ್ನಿ ಎಂದು ಹೇಳುವುದು ಅವಳ ಕೆಲಸ. ಎಲ್ಲರ ಮನೆಗೂ ಹೋದಳು, ಎಲ್ಲರನ್ನೂ ಕರೆದಳು. ಒಂದು ದಿನ ಮುಂದೆ ಬಂದ ಕಾರ್ಡಿನ ಮೇಲೆ ಕೆಲೇಪಿ ಎಂದಿತ್ತು. ಅಂಗಳದ ಆಚೆ ಗಂಡುಹುಡುಗರು ಮಲಗುವ ಗುಡಿಸಲಿನ ಬಾಗಿಲಿಗೆ ಹೋಗಿ, ಹತ್ತೊಂಬತ್ತು ವರ್ಷದ ತಮ್ಮನಿಗೆ, ನಾಳೆ ಬಾ, ಬಟ್ಟೆ ಸರಿಸಿ ಮಲಗು ಎಂಬ ಅರ್ಥದ ಮಾತನ್ನು ಅಕ್ಕ ಹೇಳುವುದು! ಅವಳು ಕಾರ್ಡನ್ನು ಡಬ್ಬಿಯ ಹಿಂದಕ್ಕೆ ಇಟ್ಟಳು. ಬಚ್ಚಿಡಲಿಲ್ಲ, ದೇವರಾಣೆ ಬಚ್ಚಿಡಲಿಲ್ಲ. ಬೇರೆ ಯಾರಾದರೂ ತೆಗೆಯಲಿ ಎಂದು ಹಿಂದಿಟ್ಟಳು. ಚಿಕಿತ್ಸಾಲಯದ ನರ್ಸು ಫಿಜಿಯಿಂದ ಹೊಸದಾಗಿ ಬಂದವಳು. "ಇದು ನಿಮ್ಮನೆ ಹುಡುಗನ್ದಲ್ವಾ? ನೀನೇ ಇದ್ದೀಯಲ್ಲ, ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ" ಎಂದಳು. ಲೂಪೆ ಹೂಂ ಎಂದು ತಲೆ ಆಡಿಸಿದಳು. ಮುಂದಿನ ಇಪ್ಪತ್ತೆಂಟು ದಿನಕ್ಕೆ ಕಾರ್ಡು ಮತ್ತೆ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಮಗಳು ನೋಡಿಕೊಳ್ಳುತ್ತಾಳೆ ಎಂದು ಅಮ್ಮ ಸುಮ್ಮನಿದ್ದಳು. ಅದಾದ ಮೂರನೇ ವಾರ ಕೆಲೇಪಿಗೆ ಮಂಡಿ ಊದಿ, ಗೆಣಸಿನ ತೋಟದಿಂದ ಅವನನ್ನು ಬೆನ್ನ ಮೇಲೆ ಹೊತ್ತು ತಂದರು.

ಹೋದ ಭಾನುವಾರ ಅಮ್ಮ ತೆಂಗಿನಕಾಯಿ ತುರಿಯುತ್ತ, ತಲೆ ಎತ್ತದೆ ಹೇಳಿದ್ದಳು:

"ಅವನೇನಂತಾನೆ ಗೊತ್ತಾ? ಡಬ್ಬಿ ಅಕ್ಕನ ಕೈಲಿತ್ತಮ್ಮ, ಅಕ್ಕ ಕರೀಲಿಲ್ಲ ಅಂದ್ರೆ ನಂಗಿನ್ನು ಸೂಜಿ ಬೇಡ ಅಂತ ಅರ್ಥ. ಅವಳಿಗಿಂತ ನಿಂಗೆ ಗೊತ್ತಾ ಅಂತಾನೆ. ಆಸ್ಪತ್ರೆಗೆ ಸೇರ್ದಾಗ ಜ್ವರದ ಅಮಲಲ್ಲಿ ಒಂದು ಹಾಕಿಸ್ಕೊಂಡ್ನಂತೆ. ನಾಡಿದ್ದು ಮಂಗಳವಾರ ಇನ್ನೊಂದರ ದಿನ. ಬೇಡ ಅಂತ ಈಗ್ಲೇ ಹೇಳಿಟ್ಟಿದಾನೆ. ಬುಧವಾರ ಮನೆಗೆ ಕಳಿಸ್ತಾರೆ."

"ತಗೋಬೇಕಮ್ಮ. ತಗೊಳ್ಳೇಬೇಕು. ಹೇಳು ಅವನಿಗೆ."

"ಹೇಳ್ದೆ ಕಣೇ. ನೀನು ತಾಯಿ, ಹೆದರಿ ಹೇಳ್ತೀಯ ಅಂದ. ನಿನ್ನ ಹೆಸರು ಎತ್ತಿದ್ರೆ ನನ್ನೇ ಬೈದ. ಅಕ್ಕ ಅಂಥ ಮಾತು ಬಾಯಲ್ಲಿ ತರ್ತಾಳಾ, ಸುಳ್ಳು ಹೇಳ್ಬೇಡ ಅಂದ."

ಬೈದಿದ್ದರೆ, ಅಕ್ಕ ನನ್ನ ಮರೆತಳು ಎಂದು ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಅವಳನ್ನು ನಂಬಿದ್ದ. ಅವಳ ಹೇಡಿತನವನ್ನು ಅವಳ ಅಪ್ಪಣೆ ಎಂದುಕೊಂಡಿದ್ದ. ಅಕ್ಕನ ಮಾತಿಗೆ ಎದುರಾಡದೆ ಬೆಳೆದ ಹುಡುಗ ಅವಳ ಮೌನಕ್ಕೂ ಎದುರಾಡಲಿಲ್ಲ. ಹೊಲದ ಮೊದಲ ಗೆಣಸು, ಬಲೆಗೆ ಬಿದ್ದ ಒಳ್ಳೇ ಮೀನು ಅಕ್ಕನಿಗೆ ಮೊದಲು ಹೋಗಬೇಕು ಎಂದು ಹಾಸ್ಟೆಲಿಗೆ ಕಳಿಸುತ್ತಿದ್ದವನು, ತನ್ನ ಹೃದಯವನ್ನೂ ಹಾಗೆಯೇ ಅವಳ ಮಾತಿಗೆ ಒಪ್ಪಿಸಿಬಿಟ್ಟಿದ್ದ. ಆ ನಂಬಿಕೆ ಅವಳನ್ನು ಎರಡು ದಿನದಿಂದ ನಿದ್ದೆ ಮಾಡಲು ಬಿಟ್ಟಿರಲಿಲ್ಲ.

"ಲೂಪೆ, ಬಾ" ಎಂದು ಸಿಸ್ಟರ್ ಬಾಗಿಲಲ್ಲಿ ಕರೆದರು.

ಗಂಡಸರ ವಾರ್ಡಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು, ಮಂಚಗಳ ಕೆಳಗೆ ಮನೆಯವರ ಚಾಪೆಗಳು ಸುರುಳಿ ಸುತ್ತಿಟ್ಟಿದ್ದವು, ಬೇಯಿಸಿದ ಮರಗೆಣಸಿನ ವಾಸನೆ ಇತ್ತು. "ನಮಸ್ಕಾರ ಫಿಲಿಮೋನೆ ಅಜ್ಜ" ಎಂದು ಅವಳು ಹೇಳಿದ್ದೇ ತಡ, ಪಕ್ಕದ ಮಂಚದ ಸುತ್ತ ಕಬ್ಬಿಣದ ಬಳೆಗಳು ಸರ್ರನೆ ಸದ್ದು ಮಾಡಿ ನೀಲಿ ಪರದೆ ಎಳೆದುಕೊಂಡಿತು. ಕೆಲೇಪಿ ದನಿ ಗುರುತಿಸಿದ್ದ. ಎದ್ದು ಹೊರಗೆ ಹೋಗುವಂತಿಲ್ಲ, ಹಾಸಿಗೆ ಬಿಟ್ಟು ಏಳಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಪಾಪ, ಮಲಗಿದಲ್ಲಿಂದಲೇ ಅಕ್ಕನಿಗೆ ಮರ್ಯಾದೆ ಕೊಟ್ಟಿದ್ದ. ಪರದೆಯ ಕೆಳಗೆ ಎರಡು ಚಪ್ಪಲಿ ಕಾಣುತ್ತಿದ್ದವು, ಒಂದರ ಪಟ್ಟಿ ಕಿತ್ತು ಮೀನಿನ ಗಾಳದ ದಾರದಲ್ಲಿ ಹೊಲಿದಿತ್ತು.

"ಬಾ ತಾಯಿ, ಬಾ," ಎಂದ ಫಿಲಿಮೋನೆ ಮೂರು ದಿಂಬುಗಳಿಗೆ ಒರಗಿಕೊಂಡು. ಅರವತ್ತರ ಹತ್ತಿರದ ಮನುಷ್ಯ, ತನ್ನೂರಿನ ಚರ್ಚಿನ ಮರದ ನಗಾರಿ ಬಡಿಯುವವನಾಗಿದ್ದ; ಈಗ ಅವನ ಪಾದಗಳು ಬ್ರೆಡ್ಡಿನ ಹಾಗೆ ಉಬ್ಬಿದ್ದವು. "ಇವತ್ತು ನನ್ನ ಮೇಲೆ ಪರೀಕ್ಷೆಯಂತೆ. ನಾನು ಸತ್ರೆ ನೀನು ಫೇಲು, ಜೋಪಾನ."

"ಇನ್ನೂ ಮೂರು ಹುಡುಗೀರ ಸರದಿ ಇದೆ, ಅಷ್ಟು ಬೇಗ ಸಾಯೋ ಹಾಗಿಲ್ಲ" ಎಂದರು ಗೋಡೆಯಂತೆ ನಿಂತಿರುತ್ತೇನೆಂದಿದ್ದ ಸಿಸ್ಟರ್.

ಅವನ ಬೆಳಗಿನ ಮಾತ್ರೆಗೆ ಮೊದಲು ಹೃದಯದ ಬಡಿತ ಎಣಿಸಬೇಕು, ಪೂರ್ತಿ ಒಂದು ನಿಮಿಷ. ಅರವತ್ತಕ್ಕಿಂತ ಕಡಿಮೆಯಿದ್ದರೆ ಡೈಗಾಕ್ಸಿನ್ ಕೊಡುವಂತಿಲ್ಲ. ಲೂಪೆ ಸ್ಟೆತಾಸ್ಕೋಪನ್ನು ಅವನ ಎದೆಯ ಮೇಲಿಟ್ಟು ಗಡಿಯಾರ ನೋಡಿದಳು. ಒಂದು, ಎರಡು, ಮೂರು. ಬಡಿತಕ್ಕೆ ತಾಳವಿರಲಿಲ್ಲ, ಎರಡು ಹೆಜ್ಜೆ ಓಡಿ ಒಂದು ಹೆಜ್ಜೆ ನಿಲ್ಲುತ್ತಿತ್ತು. ಹನ್ನೊಂದು, ಹನ್ನೆರಡು. ಪರದೆಯ ಆಚೆ ಕೆಮ್ಮು ಕೇಳಿಸಿತು, ಕೆಮ್ಮಿದವನು ಕೂಡಲೇ ಬಾಯಿ ಮುಚ್ಚಿಕೊಂಡ. ಚಿಕ್ಕಂದಿನಲ್ಲಿ ಒಂದೇ ವಾರ ಅಕ್ಕತಮ್ಮ ಇಬ್ಬರಿಗೂ ಗಂಟಲು ನೋವು ಬಂದಿತ್ತು, ಅವಳಿಗೆ ಹತ್ತು ವರ್ಷ, ಅವನಿಗೆ ಎಂಟು. ಅತ್ತೆ ಒಂದೇ ಬಟ್ಟಲಿನಿಂದ ಇಬ್ಬರಿಗೂ ಸೊಪ್ಪಿನ ರಸ ಕುಡಿಸಿದ್ದಳು. ಇವಳಿಗೆ ಹೋಯಿತು. ಅವನಿಗೂ ಹೋಯಿತು ಎಂದುಕೊಂಡಿರುವಾಗ ಮಕ್ಕಳ ಭಾನುವಾರ ಬಂತು, ಮೇ ತಿಂಗಳು, ಊರಿನ ಮಕ್ಕಳೆಲ್ಲ ಹೊಸ ಬಿಳಿ ಬಟ್ಟೆ ಹಾಕಿಕೊಂಡು ಚರ್ಚಿನಲ್ಲಿ ನಿಂತು ವಾಕ್ಯ ಒಪ್ಪಿಸಬೇಕು. ಇಪ್ಪತ್ತಾರು, ಇಪ್ಪತ್ತೇಳು. ಮಂಡಿ ನೋಯುತ್ತೆ ಅಂದ. ವಾಕ್ಯ ಬಾಯಿಪಾಠ ಆಗಿಲ್ಲ, ಅದಕ್ಕೆ ನಾಟಕ ಆಡ್ತಿದಾನೆ ಎಂದು ಅಮ್ಮನಿಗೆ ಹೇಳಿದವಳು ಲೂಪೆಯೇ. ಅವನು ಒಂದು ಕಾಲಿನ ಮೇಲೆ ನಿಂತು, ಒಂದು ಅಕ್ಷರವೂ ತಪ್ಪದೆ, ಅವಳನ್ನೇ ನೋಡುತ್ತ ಪೂರ್ತಿ ಒಪ್ಪಿಸಿದ. ಆ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದ್ದಾಗ ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. ಅಂಗೈ ಕೆಳಗೆ ಅದು ಹಿಡಿದ ಮರಿಹಕ್ಕಿಯ ಹಾಗೆ ಓಡುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಮುಂದಿನ ವರ್ಷ ಅವನ ಚಾಪೆ ಹುಡುಗರ ಗುಡಿಸಲಿಗೆ ಹೋಯಿತು. ಅವಳು ಅವನನ್ನು ಮುಟ್ಟಿದ್ದು ಅದೇ ಕೊನೆ. ನಲವತ್ತೊಂದು. ಅಥವಾ ಐವತ್ತೊಂದೇ?

"ಎಷ್ಟು?" ಎಂದರು ಸಿಸ್ಟರ್.

"ತಪ್ಪಿಹೋಯ್ತು ಸಿಸ್ಟರ್. ಮತ್ತೆ ಎಣಿಸ್ತೀನಿ."

ಸಿಸ್ಟರಿನ ಪೆನ್ಸಿಲು ಏನೋ ಬರೆದುಕೊಂಡಿತು. ಎರಡನೇ ಸಲ ಅವಳು ತುಟಿ ಅಲ್ಲಾಡಿಸಿಕೊಂಡು, ಒಂದನೇ ಕ್ಲಾಸಿನ ಮಗುವಿನ ಹಾಗೆ ಎಣಿಸಿದಳು. ಅರವತ್ತೆಂಟು. ಮಾತ್ರೆ ಕೊಡಬಹುದು.

"ಅಜ್ಜ, ಚಿಕ್ಕಂದಿನಲ್ಲಿ ನಿಮಗೆ ಗಂಟಲು ನೋವು ಬಂದು, ಆಮೇಲೆ ಮಂಡಿ ಊದಿತ್ತಾ?"

"ಒಂದಿನ ಮಂಡಿ, ಒಂದಿನ ಮೊಣಕೈ. ಮೈಯೊಳಗೆ ದೆವ್ವ ಮನೆ ಬದಲಾಯಿಸ್ತಿದೆ ಅಂದ್ಲು ನಮ್ಮಮ್ಮ."

"ದೆವ್ವ ಅಲ್ಲ. ಗಂಟಲಿಗೆ ಬಂದ ರೋಗಾಣು ಒಂದು ಥರ ನೋಡೋಕೆ ನಮ್ಮ ಹೃದಯದ ಕವಾಟದ ಹಾಗೇ ಇರುತ್ತೆ. ಅದನ್ನ ಹೊಡೆಯೋಕೆ ಅಂತ ಎದ್ದ ಮೈಯ ಕಾವಲಿನವರು ಗುರುತು ತಪ್ಪಿ ನಮ್ಮದನ್ನೇ ಹೊಡೀತಾರೆ. ಕೀಲು ಹೊಡೆಸಿಕೊಂಡ್ರೆ ವಾಸಿಯಾಗುತ್ತೆ. ಕವಾಟ ಆಗಲ್ಲ."

"ನಮ್ಮೂರ ಕಾವಲುಗಾರ ಹಂದಿ ಕಳ್ಳ ಅಂದ್ಕೊಂಡು ಪಾದ್ರೀನೇ ಬಡಿದಿದ್ದ," ಎಂದು ಅಜ್ಜ ತಲೆದೂಗಿದ. "ಆಮೇಲೆ ತಪ್ಪಾಯ್ತು ಅಂದ. ಪಾದ್ರಿ ಮೂಗು ಮಾತ್ರ ಇವತ್ತಿಗೂ ಸೊಟ್ಟ."

"ಹಾಗೇ ನಿಮ್ಮ ಕವಾಟಾನೂ ಸೊಟ್ಟ. ಕವಾಟ ಅಂದ್ರೆ ಬಾಗಿಲು, ರಕ್ತ ಮುಂದಕ್ಕೆ ಹೋಗೋಕೆ. ಗಾಯ ಒಣಗಿ ಒಣಗಿ ಬಾಗಿಲು ದಪ್ಪ ಆಗಿ ಪೂರ್ತಿ ತೆರೆಯಲ್ಲ. ಮುಂದೆ ಹೋಗದೆ ನಿಂತ ರಕ್ತ ಶ್ವಾಸಕೋಶದಲ್ಲಿ ಒತ್ತುತ್ತೆ, ಅದಕ್ಕೇ ನಿಮಗೆ ಮಲಗಿದ್ರೆ ಉಸಿರು ಕಟ್ಟೋದು. ನೀರು ಕಾಲಿಗಿಳಿಯುತ್ತೆ. ಈ ಬಿಳೀ ಮಾತ್ರೆ ಫ್ರುಸೆಮೈಡು, ಮೂತ್ರಪಿಂಡಕ್ಕೆ ಹೇಳಿ ಆ ನೀರನ್ನ ಹೊರಗೆ ಹಾಕಿಸುತ್ತೆ."

"ಹೊತ್ತುಗೊತ್ತಿಲ್ದೆ ಎಬ್ಬಿಸಿ ಓಡಿಸುತ್ತೆ ಅನ್ನು."

"ನೀರಿನ ಜೊತೆ ಪೊಟ್ಯಾಸಿಯಂ ಅನ್ನೋ ಉಪ್ಪೂ ಹೋಗಿಬಿಡುತ್ತೆ. ಅದು ಕಡಿಮೆ ಆದ್ರೆ ಈ ಇನ್ನೊಂದು ಮಾತ್ರೆ, ಡೈಗಾಕ್ಸಿನ್ನು, ಹೃದಯಕ್ಕೇ ವಿಷ ಆಗ್ಬಹುದು. ಅದಕ್ಕೇ ಡಾಕ್ಟರು ಆಗಾಗ ರಕ್ತ ಪರೀಕ್ಷೆ ಮಾಡ್ಸೋದು, ಬಾಳೆಹಣ್ಣು ತಿನ್ನಿ ಅನ್ನೋದು."

ಇಷ್ಟು ಹೇಳಿದರೆ ಪರೀಕ್ಷೆ ಮುಗಿಯುತ್ತಿತ್ತು. ಸಿಸ್ಟರ್ ಪುಸ್ತಕ ಮುಚ್ಚುವುದರಲ್ಲಿದ್ದರು. ಲೂಪೆಗೆ ಕಿವಿಯಲ್ಲಿ ತನ್ನದೇ ಎದೆಬಡಿತ ಕೇಳಿಸಿತು, ಅದನ್ನು ಯಾರೂ ಎಣಿಸುತ್ತಿರಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತ ದಿನದ ಹಾಗೆಯೇ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಅವಳು ಅಜ್ಜನ ಮುಖವನ್ನು ನೋಡುತ್ತಲೇ, ವಾರ್ಡಿನ ಆ ತುದಿಗೂ ಕೇಳುವ ಹಾಗೆ ದನಿ ಎತ್ತಿದಳು.

"ಇದೆಲ್ಲಾ ಬಾಗಿಲು ಕೆಟ್ಟ ಮೇಲಿನ ಮಾತು ಅಜ್ಜ! ಕೆಡದ ಹಾಗೆ ಮಾಡೋದಕ್ಕೆ ಒಂದೇ ಮದ್ದಿರೋದು!"

"ಅವನಿಗೆ ಕಿವಿ ಚೆನ್ನಾಗೇ ಕೇಳುತ್ತೆ ಲೂಪೆ," ಎಂದರು ಸಿಸ್ಟರ್.

ಫಿಲಿಮೋನೆ ಅವಳ ಮುಖ ನೋಡಿದ. ಆಮೇಲೆ ಅಲ್ಲಾಡದ ನೀಲಿ ಪರದೆಯನ್ನು ನೋಡಿದ. ಒಂದು ತಿಂಗಳು ಪಕ್ಕಪಕ್ಕದಲ್ಲಿ ಮಲಗಿದ ಗಂಡಸರು ಒಬ್ಬರಿಗೊಬ್ಬರು ಏನೇನು ಹೇಳಿಕೊಂಡಿರುತ್ತಾರೋ. ಮುದುಕನ ಹುಬ್ಬು ನಿಧಾನವಾಗಿ ಮೇಲೇರಿತು.

"ಇಲ್ಲ ಸಿಸ್ಟರ್, ಇವತ್ತು ಬೆಳಿಗ್ಗೆಯಿಂದ ಸ್ವಲ್ಪ ಕಿವುಡು," ಎಂದ. "ಜೋರಾಗೇ ಹೇಳ್ಲಿ. ಯಾವ ಮದ್ದು ತಾಯಿ?"

"ಪೆನ್ಸಿಲಿನ್. ತಿಂಗಳಿನದು. ಅದು ಒಂದೇ ಸಲ ರಕ್ತಕ್ಕೆ ಹೋಗಲ್ಲ. ಮಳೆನೀರಿನ ತೊಟ್ಟೀಲಿ ನಲ್ಲಿ ಸಡಿಲ ಬಿಟ್ಟ ಹಾಗೆ ಮಾಂಸದೊಳಗೆ ಕೂತು ದಿನಾ ಇಷ್ಟಿಷ್ಟೇ ತೊಟ್ಟಿಕ್ಕುತ್ತೆ. ಹೊಸ ರೋಗಾಣು ಬಂದ್ರೆ ಬಾಗಿಲಲ್ಲೇ ಸಾಯುತ್ತೆ. ಇಪ್ಪತ್ತೆಂಟು ದಿನಕ್ಕೆ ತೊಟ್ಟಿ ಖಾಲಿ."

"ಎಲ್ಲಿ ಚುಚ್ತಾರೆ ಅಂತ ನಾನು ಕೇಳಲ್ಲ ಬಿಡು, ನಂಗೊತ್ತು." ಅವನು ಕಣ್ಣು ಮಿಟುಕಿಸಿದ. ಲೂಪೆಗೆ ಅವನ ಕಾಲು ಹಿಡಿಯಬೇಕೆನಿಸಿತು. "ನನ್ನ ಕಾಲಕ್ಕೆ ಅದಿರ್ಲಿಲ್ಲ, ಇದ್ರೂ ನಮ್ಮ ದ್ವೀಪಕ್ಕೆ ಬರ್ಲಿಲ್ಲ. ಈಗ ಒಬ್ಬ ಹುಡುಗ ಇದಾನೆ ಅಂತಿಟ್ಕೋ. ಎರಡು ಸಲ ತಪ್ಪಿತು. ಇನ್ಯಾಕೆ, ಮುಗೀತಲ್ಲ?"

"ಮುಗೀಲಿಲ್ಲ. ತಪ್ಪಿದ್ದು ತಪ್ಪಿತು, ಮತ್ತೆ ಶುರು ಮಾಡ್ಬೇಕು. ಒಂದೊಂದು ಸಲ ಜ್ವರ ಬಂದಾಗ್ಲೂ ಬಾಗಿಲು ಇನ್ನಷ್ಟು ಕೆಡುತ್ತೆ. ಅವನದು ಇನ್ನೂ ನಿಮ್ಮಷ್ಟು ಕೆಟ್ಟಿಲ್ಲ."

"ಎಷ್ಟು ವರ್ಷ ಚುಚ್ಚಿಸ್ಕೋಬೇಕು?"

"ಡಾಕ್ಟರು ಸಾಕು ಅನ್ನೋವರೆಗೂ. ಬೇರೆ ಯಾರೂ ಅಲ್ಲ, ಡಾಕ್ಟರು."

ಮುದುಕ ದಿಂಬಿಗೊರಗಿ ಉಸಿರು ಸುಧಾರಿಸಿಕೊಂಡ. ಮುಂದಿನ ಪ್ರಶ್ನೆಯನ್ನು ಅವನು ನಗಾರಿಗೆ ಕೋಲು ಎತ್ತುವವನಂತೆ ಮೆಲ್ಲಗೆ ಎತ್ತಿದ. "ಆದ್ರೆ ಆ ಹುಡುಗನ್ನ ಯಾರೂ ಕರೀಲಿಲ್ಲವಂತಲ್ಲ. ಬೇಡ ಅಂತ್ಲೇ ಕರೀಲಿಲ್ವೇನೋ. ತಿಳಿದೋರೇ ಕಾರ್ಡು ಇಟ್ಕೊಂಡಿದ್ರಂತೆ."

"ಅಲ್ಲ ಅಜ್ಜ." ದನಿ ತಗ್ಗಿಸಲಿಲ್ಲ. "ಕಾರ್ಡು ಮುಂದೇ ಬಂದಿತ್ತು. ಕರೀಬೇಕಾದವಳು ಅದನ್ನ ತೆಗೆದು ಹಿಂದಕ್ಕಿಟ್ಲು. ಎರಡು ಸಲ. ಮದ್ದು ಬೇಡ ಅಂತಲ್ಲ. ನಾಚಿಕೆಯಾಯ್ತು ಅವಳಿಗೆ. ಬಾಗಿಲಿಗೆ ಹೋಗಿ ನಿಂತ್ಕೊಳ್ಳೋಕೆ ಧೈರ್ಯ ಬರ್ಲಿಲ್ಲ. ಆ ಹುಡುಗ ಅದನ್ನ ಅವಳ ಮಾತು ಅಂದ್ಕೊಂಡಿದ್ರೆ, ಅದು ಅವಳ ಮಾತಲ್ಲ ಅಂತ ಹೇಳಿ. ಅವಳ ತಪ್ಪು ಅಂತ ಹೇಳಿ. ಅವಳ ಮಾತು ಇದು: ಇವತ್ತು ಇಪ್ಪತ್ತೆಂಟನೇ ದಿನ. ಇವತ್ತೇ ಹಾಕಿಸ್ಕೋಬೇಕು."

ಸಿಸ್ಟರ್ ಕಲೋಲೈನಿನ ಪೆನ್ಸಿಲು ನಿಂತಿತ್ತು. ಹತ್ತಿರದ ಮಂಚದವರು ಮರಗೆಣಸು ಬಾಯಿಗಿಡುವುದನ್ನು ಮರೆತಿದ್ದರು. ಲೂಪೆ ಪರದೆಯ ಕೆಳಗಿನ ಚಪ್ಪಲಿಗಳನ್ನು ನೋಡುತ್ತ ನಿಂತಳು. ತಾನು ಅವನನ್ನು ಊರೆದುರು ನಾಚಿಕೆಗೆ ಈಡುಮಾಡಿದೆನೇನೋ, ಆ ಮಕ್ಕಳ ಭಾನುವಾರದ ಹಾಗೆ ಮತ್ತೊಮ್ಮೆ ಒಂಟಿ ಕಾಲಿನ ಮೇಲೆ ನಿಲ್ಲಿಸಿದೆನೇನೋ ಎನಿಸಿ ಅವಳಿಗೆ ನೆಲ ಬಿರಿಯಬಾರದೇ ಎಂದಾಯಿತು. ಫ್ಯಾನು ತಿರುಗುತ್ತಲೇ ಇತ್ತು. ಆಮೇಲೆ ಅವಳು ಹತ್ತು ವರ್ಷದಿಂದ ಅಂಗಳದ ಆಚೆಯಿಂದಷ್ಟೇ ಕೇಳಿದ್ದ ದನಿ, ಮಲಗಿದವನ ಸಣ್ಣ ದನಿ, ಬಂತು.

"ಅಜ್ಜ, ಮಾಕಾಗೆ ಹೇಳಿಕಳ್ಸಿ. ಇವತ್ತಿನದು ಕೊಟ್ಬಿಡ್ಲಿ."

"ಅಪ್ಪಾ ದೇವ್ರೇ, ನನ್ನ ಕಿವಿ ಸರಿಹೋಯ್ತು," ಎಂದ ಫಿಲಿಮೋನೆ.

ಆ ದಿನ ವಾರ್ಡಿನ ಕೆಲಸಕ್ಕಿದ್ದವನು ಮಾಕಾ. ಫ್ರಿಜ್ಜಿನಿಂದ ಸಿರಿಂಜು ತೆಗೆದು ತಟ್ಟೆಯಲ್ಲಿಟ್ಟುಕೊಂಡು ಬಂದ. ತುಂಬಿಯೇ ಬರುವ ಸಿರಿಂಜು, ಒಳಗೆ ಹಾಲಿನಂಥ ಮದ್ದು, ಗಾಜಿನ ಮೇಲೆ ತಣ್ಣೀರಿನ ಹನಿಗಳು. ಆ ಸೂಜಿ ಚುಚ್ಚುವ ಕ್ರಮ ಕಲಿಸಿದ ದಿನ ಹೊರಗೆ ಹೋಗಿದ್ದವನು ಅವನು. ಲೂಪೆ ಅವನತ್ತ ತಿರುಗದೆ ಸಿಸ್ಟರಿಗೆ ಹೇಳಿದಳು:

"ಸಿಸ್ಟರ್, ಅದು ತಣ್ಣಗಿದೆ. ಹಾಗೇ ಚುಚ್ಚಿದ್ರೆ ಕಲ್ಲು ತುರುಕಿದ ಹಾಗೆ ನೋಯುತ್ತೆ. ಅಂಗೈಯಲ್ಲಿ ಉರುಳಿಸಿ ಮೈಯಷ್ಟು ಬೆಚ್ಚಗೆ ಮಾಡ್ಬೇಕು. ಚುಚ್ಚೋಕೆ ಮುಂಚೆ ಹೆಬ್ಬೆರಳಲ್ಲಿ ಹತ್ತು ಎಣಿಸೋವರೆಗೂ ಒತ್ತಿ ಹಿಡೀಬೇಕು. ಎರಡು ಮೂರು ನಿಮಿಷ, ನಿಧಾನಕ್ಕೆ ತಳ್ಬೇಕು."

"ಕೇಳಿಸ್ತೇನಪ್ಪಾ?" ಎಂದು ಸಿಸ್ಟರ್ ಮಾಕಾನನ್ನು ಕೇಳಿ, ತಟ್ಟೆಯನ್ನು ಅವನ ಕೈಯಿಂದ ತೆಗೆದು ಲೂಪೆಯ ಮುಂದಿಟ್ಟರು. "ಬೆಚ್ಚಗೆ ಮಾಡೋದಕ್ಕೆ ಯಾವ ಅಡ್ಡಿಯೂ ಇಲ್ಲ. ಮಾಡು."

ಅವಳು ಸಿರಿಂಜನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡು ಮೆಲ್ಲಗೆ ಉರುಳಿಸಿದಳು. ಮೊದಲು ಮಂಜುಗಡ್ಡೆ ಹಿಡಿದಂತಿತ್ತು, ಬೆರಳು ಮರಗಟ್ಟಿತು. ಸಿಸ್ಟರ್ ಪಕ್ಕದಲ್ಲಿ ನಿಂತು, ತುಟಿ ಮಾತ್ರ ಅಲ್ಲಾಡುವಂತೆ ಹೇಳಿದರು: "ಕಾರ್ಡಿನ ವಿಷಯ ನಾನು ಕೇಳಿಸಿಕೊಂಡಾಯ್ತು, ಕೇಳಿಲ್ಲ ಅನ್ನೋಕಾಗಲ್ಲ. ನಾಳೆ ಎಂಟು ಗಂಟೆಗೆ ನನ್ನ ರೂಮಿಗೆ ಬಾ. ಎಲ್ಲಾ ಬರೆದು ಕೊಡ್ಬೇಕು. ಈ ಟರ್ಮು ನಿನಗೆ ಹೋಗಬಹುದು ಮಗಳೇ."

"ಬರ್ತೀನಿ ಸಿಸ್ಟರ್."

"ಪರೀಕ್ಷೆ ಪಾಸು. ರೋಗಿಗೆ ಅರ್ಥ ಆಯ್ತು." ಯಾವ ರೋಗಿಗೆ ಎಂದು ಅವರು ಹೇಳಲಿಲ್ಲ.

ಟರ್ಮು ಹೋಗುವುದರ ಭಯ ಅವಳಿಗೆ ಆಮೇಲೆ ಬರಲಿತ್ತು, ರಾತ್ರಿಗೋ ನಾಳೆಗೋ. ಈಗ ಅವಳ ಲಕ್ಷ್ಯವೆಲ್ಲ ಅಂಗೈಯಲ್ಲಿತ್ತು. ಗಾಜು ನಿಧಾನವಾಗಿ ತನ್ನ ತಂಪನ್ನು ಬಿಟ್ಟುಕೊಟ್ಟಿತು, ಹನಿಗಳು ಆರಿದವು, ಅವಳ ಮೈಯ ಕಾವು ಅದರೊಳಗೆ ಇಳಿಯಿತು. ಇನ್ನು ಯಾವುದು ತನ್ನ ಕೈ, ಯಾವುದು ಮದ್ದು ಎಂದು ತಿಳಿಯದಷ್ಟಾದಾಗ ತಟ್ಟೆಯ ಮೇಲಿಟ್ಟಳು. ಮಾಕಾ ಅದನ್ನು ಎರಡು ಕೈಯಿಂದ ಎತ್ತಿಕೊಂಡು ಪರದೆಯೊಳಗೆ ಹೋದ. ಲೂಪೆ ವಾರ್ಡಿನಿಂದ ಹೊರಗೆ ನಡೆದಳು.

ಎಂಟನೇ ಮಂಚದ ಕಿಟಕಿ ವೆರಾಂಡಾದ ಕೊನೆಗೆ ತೆರೆಯುತ್ತಿತ್ತು. ಅವಳು ಅದರ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಒಳಗೆ ಕಾಣದಂತೆ ನಿಂತಳು. ಒಳಗೆ ಮಾಕಾ ಹತ್ತರವರೆಗೆ ಎಣಿಸುವುದು ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಅವಳು ಕೈಗಳನ್ನು ಒಂದಕ್ಕೊಂದು ಒತ್ತಿಕೊಂಡಿದ್ದಳು.

"ಏ ತಾಯಿ, ಅಲ್ಲೇ ಇದ್ದೀಯಾ?" ಫಿಲಿಮೋನೆಯ ದನಿ. "ನೋವಾಯ್ತೇನೋ ಅಂತ ಇವನನ್ನ ಕೇಳ್ದೆ. ಇಲ್ಲವಂತೆ. ಈ ಸಲ ಬೆಚ್ಚಗಿತ್ತಂತೆ."

ಲೂಪೆಗೆ ಅಳು ಬಂತು, ಅತ್ತಳು, ಸದ್ದಾಗದಂತೆ.

"ಮುಂದಿನದು ಯಾವತ್ತು ಅಂತ ಕೇಳ್ತಿದಾನೆ."

ಅವಳು ಸಮವಸ್ತ್ರದ ತೋಳಿನಲ್ಲಿ ಮುಖ ಒರೆಸಿಕೊಂಡಳು. "ಇಪ್ಪತ್ತೆಂಟು ದಿನಕ್ಕೆ ಅಜ್ಜ. ಮತ್ತೆ ಮಂಗಳವಾರವೇ ಬರುತ್ತೆ. ಹಿಂದಿನ ದಿನ ಸೋಮವಾರ, ಬೆಳಿಗ್ಗೆ, ಅವನ ಗುಡಿಸಲಿನ ಬಾಗಿಲಿಗೆ ಬಂದು ನಾನೇ ಕರೀತೀನಿ ಅಂತ ಹೇಳಿ."

"ಹೂಂ" ಎಂಬ ಮಾತು ಕಿಟಕಿಯಿಂದ ಹೊರಗೆ ಬಂತು. ಅದು ಫಿಲಿಮೋನೆಯ ದನಿಯಾಗಿರಲಿಲ್ಲ.